ಹೆಚ್ಚುವರಿ ತಾಯಿ

ನಲವತ್ತೆಂಟು ವರ್ಷ ತುಂಬಿ, ತಲೆಯ ಮೇಲೆ ಕೂದಲಿಗಿಂತ ಹೊಳಪೇ ಜಾಸ್ತಿಯಾಗಿದ್ದರೂ ಅವನನ್ನು ಎಲ್ಲರೂ ಚಿಕ್ಕ ಯಜಮಾನ ಎಂದೇ ಕರೆಯುತ್ತಿದ್ದರು. ದೊಡ್ಡ ಯಜಮಾನರು, ಅಂದರೆ ಅವನ ಅಪ್ಪ, ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹಾಗೆ ಖಾಲಿಯಾದ ‘ದೊಡ್ಡ’ ಜಾಗಕ್ಕೆ ಇವನಿಗೆ ಬಡ್ತಿ ಸಿಗಬೇಕಿತ್ತು, ಸಿಗಲಿಲ್ಲ. ಅದು ನೇರವಾಗಿ ಅವನ ಅಮ್ಮನಿಗೆ ಹೋಯಿತು. ಅಮ್ಮನನ್ನು ಕೆಲಸದವರು, ಅತಿಥಿಗಳು, ಹಾಲಿನವನು, ಅಂಚೆಯವನು ಎಲ್ಲರೂ ಕರೆಯುತ್ತಿದ್ದುದು ಕೌಂಟರಮ್ಮ ಎಂದು.

ಮೂವತ್ತಾರು ರೂಮಿನ ಆ ಹೋಟೆಲಿನ ಕೌಂಟರಿನಲ್ಲಿ ಅವರು ಮೂವತ್ತೊಂದು ವರ್ಷ ಕೂತಿದ್ದರು. ಬಂದವರ ಮುಖ ನೋಡಿದರೆ ಸಾಕು, ಯಾರಿಗೆ ರಸ್ತೆ ಕಡೆಯ ರೂಮು, ಯಾರಿಗೆ ಹಿಂದಿನ ಗದ್ದಲವಿಲ್ಲದ ರೂಮು ಎಂದು ಅವರ ಕೈ ತಾನಾಗಿ ಸರಿಯಾದ ಬೀಗದ ಕೈಯ ಕಡೆ ಹೋಗುತ್ತಿತ್ತು. ಫೋನ್ ಬಂದರೆ ಅವರದು ಎರಡೇ ಮಾತು. “ಹೇಳಿ. ರೂಮಿದೆ.” ರೂಮಿಲ್ಲದ ದಿನವೂ ಅದನ್ನೇ ಹೇಳಿ, ಆಮೇಲೆ ಹೇಗೋ ಹೊಂದಿಸುತ್ತಿದ್ದರು.

ಹೀಗಿರುವಾಗ ಚಿಕ್ಕ ಯಜಮಾನ ಹೋಟೆಲನ್ನು ಒಂದು ದೊಡ್ಡ ಕಂಪನಿಯ ಫ್ರಾಂಚೈಸಿ ಮಾಡಿಕೊಂಡ. ಫ್ರಾಂಚೈಸಿ ಅಂದರೆ ಕಟ್ಟಡ ನಮ್ಮದು, ಕೆಲಸ ನಮ್ಮದು, ತಲೆನೋವು ನಮ್ಮದು. ಹೆಸರು, ಬೋರ್ಡು, ಬೆಡ್‌ಶೀಟಿನ ಬಣ್ಣ ಮತ್ತು ನಿಯಮ ಅವರದು. ಹಾಗೆ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಜನ ಈಗ ಬಾಗಿಲಿಗೆ ಬಂದು ರೂಮು ಕೇಳುವುದಿಲ್ಲ, ಮೊಬೈಲಿನಲ್ಲಿ ಪರಿಚಯದ ಹೆಸರು ಹುಡುಕುತ್ತಾರೆ. ನೀಲಿ ಬೋರ್ಡು ಹತ್ತಿದ ಮೊದಲ ವಾರದಲ್ಲೇ ಮೂರನೇ ಮಹಡಿಯೂ ತುಂಬಿತು.

ತಪ್ಪಾದದ್ದು ಬೇರೆ ಕಡೆ. ಕಂಪನಿಯಿಂದ ತರಬೇತಿ ಕೊಡಲು ಬಂದ ಮನುಷ್ಯ ಮೊದಲ ದಿನವೇ ಫೋನಿನ ಹತ್ತಿರ ಒಂದು ಚೀಟಿ ಅಂಟಿಸಿದ. ಫೋನ್ ಎತ್ತಿದವರು ಹೇಳಬೇಕಾದ ಹತ್ತೊಂಬತ್ತು ಪದಗಳ ಸ್ವಾಗತ ಅದರಲ್ಲಿತ್ತು. ಆಮೇಲೆ ಸಿಬ್ಬಂದಿ ಪಟ್ಟಿ ಹರಡಿಕೊಂಡು, ಕೌಂಟರಿನ ಹಿಂದೆ ಇದ್ದವರನ್ನು ಪೆನ್ನಿನ ತುದಿಯಿಂದ ಎಣಿಸಿದ. “ಒಂದು ಪಾಳಿಗೆ ಇಬ್ಬರು. ಇಲ್ಲಿ ಒಬ್ಬರು ಹೆಚ್ಚುವರಿ ಇದ್ದಾರೆ” ಎಂದ. ಪೆನ್ನಿನ ತುದಿ ಕೌಂಟರಮ್ಮನ ಕಡೆ ನಿಂತಿತ್ತು.

ಚಿಕ್ಕ ಯಜಮಾನ ಆಗ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಕಂಪನಿ ಕೊಟ್ಟ ಹೊಸ ನೀಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಅದು ಬಹಳ ಕಷ್ಟದ ಗುಂಡಿ ಎಂಬಂತೆ ತಲೆ ತಗ್ಗಿಸಿ ನಿಂತ. ಕೌಂಟರಮ್ಮ ಡ್ರಾಯರಿನಿಂದ ಕನ್ನಡಕದ ಡಬ್ಬಿ, ಭೂತಗನ್ನಡಿ, ಶಾಲು ತೆಗೆದುಕೊಂಡು, ಎರಡು ಬೀದಿ ಆಚೆಗಿದ್ದ ಮನೆಗೆ ನಡೆದು ಹೋದರು. ಆಮೇಲೆ ಐವತ್ತು ದಿನ ಹೋಟೆಲಿನ ಹೊಸ್ತಿಲು ತುಳಿಯಲಿಲ್ಲ.

ಜಗಳ ಆಡಿದ್ದರೆ ಚೆನ್ನಾಗಿತ್ತು. ಅವರು ಜಗಳ ಆಡಲಿಲ್ಲ, ಆ ಪದವನ್ನು ಹಿಡಿದುಕೊಂಡರು. ಊಟಕ್ಕೆ ತಟ್ಟೆ ಇಡುವಾಗ, “ನಾಲ್ಕು ಸಾಕು, ಐದನೇದು ಹೆಚ್ಚುವರಿ” ಎನ್ನುತ್ತಿದ್ದರು. ಎಲ್ಲಾದರೂ ಹೊರಟರೆ, “ನೀವು ಕಾರಲ್ಲಿ ಹೋಗಿ, ಹೆಚ್ಚುವರಿ ಜನ ಬಸ್ಸಲ್ಲಿ ಬರ್ತಾರೆ” ಎನ್ನುತ್ತಿದ್ದರು. ಮೊಮ್ಮಕ್ಕಳಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಚಿಕ್ಕ ಯಜಮಾನ ಮಾತ್ರ ಅರ್ಧ ಊಟಕ್ಕೇ ಏಳುತ್ತಿದ್ದ. ಅಮ್ಮ ಇಲ್ಲದ ಕೌಂಟರನ್ನು ದಿನಾ ದಾಟಿ ಹೋಗುವುದು ಅವನಿಗೆ ನಿಜವಾಗಿಯೂ ಕಷ್ಟವಾಗುತ್ತಿತ್ತು. ಆದರೆ ಅದನ್ನು ಹೇಳುವ ಬಾಯಿ ಅವನಿಗಿರಲಿಲ್ಲ. ಆಡದ ಮಾತು ದಿನ ಕಳೆದಷ್ಟೂ ಭಾರವಾಗುತ್ತದೆ ಎಂಬುದು ಅವನಿಗೆ ಆ ಐವತ್ತು ದಿನಗಳಲ್ಲಿ ಗೊತ್ತಾಯಿತು.

ವಿಮೆಯ ವಿಷಯ ಬಂದದ್ದು ಆಗಲೇ. ಕಂಪನಿ ಕಳಿಸಿದ ಪಟ್ಟಿ ಹನುಮಂತನ ಬಾಲದಂತಿತ್ತು. ಬೆಂಕಿಗೊಂದು ವಿಮೆ, ನೀರು ನುಗ್ಗಿದರೆ ಒಂದು, ಅತಿಥಿ ಜಾರಿ ಬಿದ್ದರೆ ಒಂದು, ಕೆಲಸದವರ ಕೈ ಸುಟ್ಟರೆ ಒಂದು, ಲಿಫ್ಟು ನಡುವೆ ನಿಂತು ಯಾರಾದರೂ ಗಾಬರಿಯಾದರೆ ಒಂದು, ಕಂಪ್ಯೂಟರಿಗೆ ಯಾರಾದರೂ ಕನ್ನ ಹಾಕಿದರೆ ಇನ್ನೊಂದು.

“ಇಷ್ಟೆಲ್ಲ ಆಗೋ ಜಾಗದಲ್ಲಿ ಜನ ಹೇಗ್ರೀ ನಿದ್ದೆ ಮಾಡ್ತಾರೆ?” ಎಂದು ಅವನ ಹೆಂಡತಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಬೋರ್ಡು ಹತ್ತಿದ ಅರವತ್ತು ದಿನದೊಳಗೆ ಪಾಲಿಸಿ ಮಾಡಿಸಿ ಕಂಪನಿಗೆ ತೋರಿಸಬೇಕು; ತೋರಿಸದಿದ್ದರೆ ಬೋರ್ಡು ಇಳಿಸುತ್ತಾರೆ ಎಂದು ಕರಾರಿನಲ್ಲಿ ದಪ್ಪ ಅಕ್ಷರದಲ್ಲೇ ಬರೆದಿತ್ತು. ಪುಣ್ಯಕ್ಕೆ ವಿಮೆ ಏಜೆಂಟು ಮನೆಯವನೇ, ಹೆಂಡತಿಯ ತಮ್ಮ. ಭಾಮೈದ ಒಳ್ಳೆಯವನು, ಪ್ರಾಮಾಣಿಕ, ಆದರೆ ಕಾಲಿಗೆ ಚಕ್ರ. ಅರ್ಧ ಮಾತು ಮನೆಯೊಳಗೆ ಆಡಿದರೆ ಉಳಿದರ್ಧ ಗೇಟಿನಾಚೆ ಸ್ಕೂಟರಿನ ಮೇಲೆ ಆಡುತ್ತಿದ್ದ. ಅವಸರವೇ ಅಪಘಾತಕ್ಕೆ ಕಾರಣ ಎಂದು ದಿನಾ ಹತ್ತು ಜನಕ್ಕೆ ಹೇಳಿ ಪಾಲಿಸಿ ಮಾರುವವನು ಆ ಮಾತನ್ನು ತಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕ ಯಜಮಾನ ಊಟದ ಮೇಜಿನ ಮೇಲೆ ಇಪ್ಪತ್ತೆರಡು ಪುಟದ ವಿಮೆ ಅರ್ಜಿ ಹರಡಿಕೊಂಡು ಕೂತಿದ್ದಾಗ ಮನೆಯ ಫೋನ್ ಬಡಿದುಕೊಂಡಿತು. ಕೌಂಟರಮ್ಮ ಎತ್ತಿದರು. ಹೂಂ ಹೂಂ ಎಂದು ಕೇಳಿ, ನಡುವೆ ತಾವೂ ಏನೋ ಒಂದು ಕೇಳಿ, ಫೋನ್ ಇಟ್ಟು ಮೇಜಿನ ಹತ್ತಿರ ಬಂದರು.

“ನಿನ್ನ ಭಾಮೈದ. ಹೆಚ್ಚುವರಿ ವಿಮೆದಾರರು ಅಂತ ಒಂದು ಕಾಲಮ್ ಇದೆಯಂತೆ. ಅದರಲ್ಲಿ ತಾಯಿ ಹೆಸರು ಹಾಕ್ಲೇಬೇಕಂತೆ. ಹಾಕದಿದ್ರೆ ಕಂಪನಿಯವರು ಒಪ್ಪಲ್ವಂತೆ.”

ಹೇಳಿ ಅವರು ಹೋಗಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಅಲ್ಲೇ ನಿಂತರು. ಚಿಕ್ಕ ಯಜಮಾನ ಪುಟ ಮಗುಚಿ ಕಾಲಮ್ ಹುಡುಕಿ, ಅಮ್ಮನ ಮೂರು ತುಂಡಿನ ಪೂರ್ತಿ ಹೆಸರನ್ನು ಗುಂಡಗೆ ಬರೆದ. ಅಪ್ಪನ ಹೆಸರು, ತಾಯಿಯ ಹೆಸರು ಎಂದು ಶಾಲೆಯ ಅರ್ಜಿಯಿಂದ ಹಿಡಿದು ಎಲ್ಲ ಕಡೆಯೂ ಕೇಳುತ್ತಾರೆ, ಇವರೂ ಕೇಳಿದ್ದಾರೆ ಎಂದುಕೊಂಡ.

“ಕಾಗುಣಿತ ಸರಿ ಇದೆಯಾಮ್ಮ?”

ಕೌಂಟರಮ್ಮ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. “ಸರಿ ಇದೆ” ಎಂದು ಒಳಗೆ ಹೋದರು.

ಅದೇ ಮಧ್ಯಾಹ್ನ ಭಾಮೈದ ಬಂದು, ಕಾಲಮ್ ತುಂಬಿದೆಯೋ ಇಲ್ಲವೋ ಎಂದಷ್ಟೇ ನೋಡಿ, ಏನು ತುಂಬಿದೆ ಎಂದು ನೋಡದೆ ಅರ್ಜಿ ಎತ್ತಿಕೊಂಡು ಹೋದ. ಎಂಟು ದಿನಕ್ಕೆ ಪಾಲಿಸಿ ಅಂಚೆಯಲ್ಲಿ ಮನೆಗೆ ಬಂತು. ಲಕೋಟೆ ಒಡೆದವರು ಕೌಂಟರಮ್ಮ. ಸಂಜೆ ಮಗ ಬಂದಾಗ ಅವರ ಮಡಿಲಲ್ಲಿ ಪಾಲಿಸಿ, ಕೈಯಲ್ಲಿ ಭೂತಗನ್ನಡಿ.

“ಬಾ ಇಲ್ಲಿ” ಎಂದು ಕರೆದು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಹೆಚ್ಚುವರಿ ವಿಮೆದಾರರು, ಅದರ ಮುಂದೆ ಅವರ ಹೆಸರು. “ಹೆಚ್ಚುವರಿ ಅಂದ್ರೆ ಬೇಡದವರು ಅಂದ್ಕೊಂಡಿದ್ದೆ. ನೋಡು, ಇಲ್ಲಿ ಹೆಚ್ಚುವರಿಗೂ ಬೆಲೆ ಇದೆ.”

ನಲವತ್ತೆಂಟು ದಿನಗಳ ನಂತರ ಅಮ್ಮ ನಕ್ಕಿದ್ದನ್ನು ನೋಡಿ ಚಿಕ್ಕ ಯಜಮಾನನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಯಾಕೆ, ಏನು ಎಂದು ಕೇಳಲು ಹೋಗಲಿಲ್ಲ. ದಾನ ಕೊಟ್ಟ ಆಕಳ ಹಲ್ಲು ಎಣಿಸುವ ಜಾಯಮಾನ ಅವನದಲ್ಲ.

ಪಾಲಿಸಿ ಎಂಬುದನ್ನು ಲೋಕದಲ್ಲಿ ಯಾರೂ ಪೂರ್ತಿ ಓದುವುದಿಲ್ಲ. ಮಾರುವವರು ಓದುವುದಿಲ್ಲ, ಕೊಳ್ಳುವವರು ಓದುವುದಿಲ್ಲ, ಬರೆದವರು ಬರೆದ ಮೇಲೆ ಓದುವುದಿಲ್ಲ. ಕೌಂಟರಮ್ಮ ಓದಿದರು. ಎರಡು ದಿನ ಕಿಟಕಿಯ ಪಕ್ಕ ಕೂತು, ಇರುವೆ ಸಾಲಿನಂಥ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಹಿಡಿದು, ಮೂವತ್ತೆಂಟು ಪುಟವನ್ನೂ ಮುಗಿಸಿದರು. ಮೂರನೇ ದಿನ ಶಾಲು ಹೊದ್ದು, ಪಾಲಿಸಿಯನ್ನು ಕಂಕುಳಲ್ಲಿಟ್ಟುಕೊಂಡು ಹೋಟೆಲಿಗೆ ಬಂದರು. ಕೌಂಟರಿನ ಹಿಂದೆ ಹೋಗಲಿಲ್ಲ. ಮೆಟ್ಟಿಲು ಹತ್ತಿದರು.

ಏಳನೇ ಮೆಟ್ಟಿಲಿನ ಅಂಚಿಗೆ ಬಡಿದಿದ್ದ ಹಿತ್ತಾಳೆ ಪಟ್ಟಿ ಒಂದು ಕಡೆ ಎದ್ದಿತ್ತು. “ಇದಕ್ಕೆ ಮೊಳೆ ಹೊಡೀರಿ. ಯಾರಾದ್ರೂ ಎಡವಿದ್ರೆ, ‘ಗೊತ್ತಿದ್ದೂ ಸರಿಮಾಡಿಲ್ಲ’ ಅಂತ ವಿಮೆಯವರು ಕೈ ತೊಳ್ಕೋತಾರೆ. ಷರತ್ತು ಒಂಬತ್ತು.” ಎರಡನೇ ಮಹಡಿಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಯಾರೋ ಅಂದಕ್ಕೆ ಕಾಣಬಾರದೆಂದು ಪರದೆಯ ಹಿಂದೆ ನಿಲ್ಲಿಸಿದ್ದರು. “ಬೆಂಕಿ ಬಿದ್ದಾಗ ಇದರ ಜೊತೆ ಕಣ್ಣಾಮುಚ್ಚಾಲೆ ಆಡ್ತೀರಾ?” ಎಂದು ಕೇಳಿ ಹೊರಗೆ ತೆಗೆಸಿದರು. ತುರ್ತು ಬಾಗಿಲಿಗೆ ಅಡ್ಡ ಇಟ್ಟಿದ್ದ ಮೈಲಿಗೆ ಬಟ್ಟೆಯ ಬುಟ್ಟಿಗಳನ್ನು ರೂಮು ಒರೆಸುವ ಹೆಂಗಸಿನ ಜೊತೆ ತಾವೂ ಒಂದು ಕಡೆ ಹಿಡಿದು ಸರಿಸಿದರು.

ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಒಲೆಯ ಮೇಲಿನ ಹೊಗೆಕೊಳವೆ ಯಾವಾಗ ತೊಳೆಸಿದ್ದು ಎಂದು ಕೌಂಟರಮ್ಮ ಕೇಳಿದರು.

“ದಿನಾ ಒರೆಸ್ತೀವಿ ಅಮ್ಮಾ. ಕನ್ನಡಿ ಇದ್ದಂಗಿದೆ.”

“ಹೊರಗೆ ಕನ್ನಡಿ. ಒಳಗೆ?” ಎಂದು ಅವರು ಕೊಳವೆಯೊಳಗೆ ಒಂದು ಬೆರಳು ಹಾಕಿ ತೆಗೆದರು. ಬೆರಳು ಗೇಣುದ್ದ ಜಿಡ್ಡಿನ ಎಳೆಯನ್ನು ಎಳೆದುಕೊಂಡು ಬಂತು. “ಮೂರು ತಿಂಗಳಿಗೊಮ್ಮೆ ಹೊರಗಿನವರಿಂದ ತೊಳೆಸಿ ಅವರ ಚೀಟಿ ಇಟ್ಕೋಬೇಕು. ಷರತ್ತು ಹದಿನೇಳು. ಇಲ್ಲದಿದ್ರೆ ಬೆಂಕಿ ವಿಮೆ ಬರೀ ಕಾಗದ.”

ಅಡುಗೆಯವನು ಸೊಂಟದಿಂದ ಕೈ ತೆಗೆದ. ಮರುದಿನ ಕೊಳವೆ ತೊಳೆಯುವವರು ಬಂದರು. ಹೋಟೆಲಿಗೆ ಮತ್ತೆ ಜೀವ ಬಂದಂತಾಯಿತು. ಕೆಲಸದವರು ಅಮ್ಮನ ಎದುರು ಮುಖ ಕಿವಿಚಿದರೂ ಮೆಟ್ಟಿಲು ಇಳಿಯುವಾಗ ನಗುತ್ತಿದ್ದರು. ಚಿಕ್ಕ ಯಜಮಾನನಂತೂ ಕಾರಣವಿಲ್ಲದೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದ.

ಆ ಸುಖ ಗುರುವಾರದವರೆಗೆ. ಗುರುವಾರ ಭಾಮೈದ ಫೋನ್ ಮಾಡಿದ.

“ಭಾವ, ಪಾಲಿಸಿ ನಕಲು ಈಗ ನೋಡ್ದೆ. ಹೆಚ್ಚುವರಿ ಕಾಲಮಲ್ಲಿ ಅತ್ತೆ ಏನ್ ಮಾಡ್ತಿದಾರೆ?”

“ನೀನೇ ಹೇಳಿದ್ಯಲ್ಲಪ್ಪಾ, ತಾಯಿ ಹೆಸರು ಹಾಕಿ ಅಂತ.”

ಆ ಕಡೆ ಸ್ಕೂಟರ್ ನಿಂತ ಸದ್ದು ಕೇಳಿಸಿತು. ಭಾಮೈದ ಮಾತಾಡಲು ಸ್ಕೂಟರ್ ನಿಲ್ಲಿಸಿದ ಅಂದರೆ ವಿಷಯ ಗಂಭೀರ ಎಂದು ಚಿಕ್ಕ ಯಜಮಾನನಿಗೆ ಗೊತ್ತಿತ್ತು.

“ತಾಯಿ ಅಂದ್ರೆ ತಾಯಿ ಕಂಪನಿ ಭಾವ. ಬೋರ್ಡಿನವರು. ನಮ್ಮ ಲೈನಲ್ಲಿ ಎಲ್ಲರೂ ಹಾಗೇ ಅನ್ನೋದು. ನಾಳೆ ನಿಮ್ಮ ಮೆಟ್ಟಿಲಲ್ಲಿ ಯಾರೋ ಬಿದ್ದು ಕೇಸು ಹಾಕಿದ್ರೆ ಬೋರ್ಡು ನೋಡಿ ಅವರ ಮೇಲೂ ಹಾಕ್ತಾರೆ. ಅದಕ್ಕೇ ನಿಮ್ಮ ವಿಮೆ ಅವರನ್ನೂ ಕಾಯಬೇಕು ಅನ್ನೋದು ಅವರ ಷರತ್ತು. ಸೋಮವಾರ ಹನ್ನೊಂದು ಗಂಟೆಗೆ ತಪಾಸಣೆ. ಅಷ್ಟರಲ್ಲಿ ಅತ್ತೆ ಹೆಸರು ತೆಗೆದು ಕಂಪನಿ ಹೆಸರು ಹಾಕೋ ತಿದ್ದುಪಡಿ ಅರ್ಜಿಗೆ ಸೈನ್ ಆಗಬೇಕು.”

“ಈಗಲೇ ಮಾಡ್ತೀನಿ ಬಾ.”

“ನಿಮ್ಮದಲ್ಲ. ಅತ್ತೆ ಸೈನು. ಪಾಲಿಸೀಲಿ ಇರೋರನ್ನ ಅವರಿಗೆ ಗೊತ್ತಿಲ್ಲದೆ ತೆಗೆಯೋಕಾಗಲ್ಲ.”

ಚಿಕ್ಕ ಯಜಮಾನ ಕುರ್ಚಿ ಎಳೆದುಕೊಂಡು ಕೂತ. “ಇಬ್ಬರ ಹೆಸರೂ ಇರಲಿ ಬಿಡೋ.”

“ಹೋಟೆಲಲ್ಲಿ ಜವಾಬ್ದಾರಿ ಇರೋರದ್ದಾದ್ರೆ ಇರಬಹುದು. ಅತ್ತೆಗೆ ಏನಿದೆ? ಸಿಬ್ಬಂದಿ ಪಟ್ಟೀಲಾದ್ರೂ ಇದಾರಾ?”

ಇರಲಿಲ್ಲ. ಇಲ್ಲದಂತೆ ಮಾಡಿದ ಗುಂಡಿ ಇನ್ನೂ ಅವನ ಕೋಟಿನಲ್ಲೇ ಇತ್ತು. ಸೈನ್ ಹಾಕಿಸದಿದ್ದರೆ ಬೋರ್ಡು ಇಳಿಯುತ್ತದೆ. ಹಾಕಿಸಿದರೆ, ಆ ಕಾಗದದಲ್ಲಿ ತಮ್ಮ ಹೆಸರು ಇದ್ದುದೇ ಒಂದು ತಪ್ಪು ಎಂದು ಅಮ್ಮನಿಗೆ ಗೊತ್ತಾಗುತ್ತದೆ, ಮತ್ತೆ ಶಾಲು ಹೊದ್ದು ಮನೆಗೆ ಹೋಗುತ್ತಾರೆ, ಈ ಸಲ ಮರಳಿ ಬರುವುದಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಭಾಮೈದ ಅವತ್ತೇ ತಂದುಕೊಟ್ಟ ತಿದ್ದುಪಡಿ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡ. ಗುರುವಾರ ಸಂಜೆ ಹೇಳಲೆಂದು ಹೋದರೆ ಅಮ್ಮ ಏಳನೇ ಮೆಟ್ಟಿಲಿನ ಮೇಲೆ ಕುಣಿದು ತೋರಿಸುತ್ತಿದ್ದರು, ಪಟ್ಟಿ ಅಲುಗುವುದಿಲ್ಲ ಎಂದು. ಹೇಗೆ ಹೇಳುವುದು? ಶುಕ್ರವಾರ ಒಂದು ದುರ್ಬುದ್ಧಿ ಬಂತು. ಕೊಳವೆ ತೊಳೆದವರ ಚೀಟಿಗಳ ನಡುವೆ ಅರ್ಜಿಯನ್ನು ತೂರಿಸಿ, “ಇವಕ್ಕೆಲ್ಲ ಒಂದೊಂದು ಸೈನ್ ಹಾಕಿಬಿಡಮ್ಮ” ಎಂದು ಮುಂದಿಟ್ಟ. ಕೌಂಟರಮ್ಮ ಕನ್ನಡಕ ಹಾಕಿಕೊಂಡರು. “ಓದದೆ ಸೈನ್ ಹಾಕಬಾರದು ಅಂತ ನಿಮ್ಮಪ್ಪನಿಗೂ ಹೇಳ್ತಿದ್ದೆ. ಒಂದೊಂದಾಗಿ ಕೊಡು” ಎಂದರು. ಅವನು, “ಇದರಲ್ಲಿ ತಾರೀಕು ತಪ್ಪಿದೆ” ಎಂದು ಗೊಣಗಿ ಇಡೀ ಕಟ್ಟನ್ನು ವಾಪಸು ಎಳೆದುಕೊಂಡ.

ಶನಿವಾರ ಅಮ್ಮನೇ ಕರೆದು ಕೋಟು ಕೇಳಿದಾಗ ಅವನ ಜೀವ ಬಾಯಿಗೆ ಬಂತು.

“ಯಾಕಮ್ಮ?”

“ತೋಳಿಗೆ ಚಹಾ ಚೆಲ್ಲಿಕೊಂಡಿದೀಯ. ತಪಾಸಣೆಗೆ ಬರೋರ ಮುಂದೆ ಹೀಗೆ ನಿಲ್ತೀಯಾ? ಬಿಚ್ಚು, ಒರೆಸಿ ಇಸ್ತ್ರಿ ಹಾಕಿ ಕೊಡ್ತೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ತಾನಾಗಿ ಒಳಜೇಬಿಗೆ ಹೋಯಿತು. ಅಷ್ಟರಲ್ಲಿ ಲಿಫ್ಟಿನವನು ಕೂಗಿದ, ಅಮ್ಮ ಕೋಟು ಎಳೆದುಕೊಂಡರು. ಅರ್ಧ ಗಂಟೆಯ ನಂತರ ಕೋಟು ಗರಿಗರಿಯಾಗಿ ಬಂತು. ಕದ್ದು ಜೇಬು ಮುಟ್ಟಿದ. ನಾಲ್ಕು ಮಡಿಕೆಯ ಕಾಗದ ಅಲ್ಲೇ ಇತ್ತು. ಅವನು ನಿಟ್ಟುಸಿರು ಬಿಟ್ಟ. ಅದನ್ನು ಹೊರಗೆ ತೆಗೆಯುವ ಧೈರ್ಯವೂ ಬರಲಿಲ್ಲ.

ಭಾನುವಾರ ಹೆಂಡತಿಯ ಹತ್ತಿರ ಗೋಗರೆದ. “ನೀನು ಹೇಳು. ನೀನು ಹೇಳಿದ್ರೆ ಅಮ್ಮ ಬೇಜಾರು ಮಾಡ್ಕೊಳಲ್ಲ.”

“ಸೊಸೆ ಬಂದು ನಿಮ್ಮ ಹೆಸರು ತೆಗೀತೀವಿ ಅಂದ್ರೆ ಅತ್ತೆ ಬೇಜಾರು ಮಾಡ್ಕೊಳಲ್ವಾ? ಒಳ್ಳೆ ಕಥೆ ಆಯ್ತು. ತಾಯಿ ನಿಮ್ಮವರು, ಬರೆದ ಪೆನ್ನೂ ನಿಮ್ಮದೇ” ಎಂದು ಅವಳು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಅವಳು ನಕ್ಕಿದ್ದು ಇವನಿಗೆ ಕೇಳಿಸಿತು.

ಸೋಮವಾರ ಹನ್ನೊಂದಕ್ಕೆ ಬರಬೇಕಾದ ತಪಾಸಣೆಯ ಮೇಡಂ ಹತ್ತೂವರೆಗೇ ಬಂದರು. ಉದ್ದನೆಯ ಹೆಂಗಸು, ಕೈಯಲ್ಲಿ ಟ್ಯಾಬ್, ಮುಖದಲ್ಲಿ ನಗು ಉಳಿತಾಯ ಮಾಡುವವರ ಶಿಸ್ತು. ಭಾಮೈದ ಮೊಹರು, ಶಾಯಿ ಪ್ಯಾಡು ಹಿಡಿದು ಆಗಲೇ ಬಂದು ಸೋಫಾದ ತುದಿಯಲ್ಲಿ ಕೂತಿದ್ದ. ಭಾವನ ಮುಖ ನೋಡಿದ, ಸೈನ್ ಆಗಿಲ್ಲ ಎಂದು ತಿಳಿದುಕೊಂಡ, ತಲೆ ಮೇಲೆ ಕೈ ಹೊತ್ತ.

ಮೇಡಂ ಮೆಟ್ಟಿಲು ನೋಡಿದರು, ತುರ್ತು ಬಾಗಿಲು ತಳ್ಳಿ ನೋಡಿದರು, ಸಿಲಿಂಡರಿನ ತಾರೀಕು ನೋಡಿದರು. ಹಿಂದೆ ಹಿಂದೆ ಚಿಕ್ಕ ಯಜಮಾನ, ಅವನ ಹಿಂದೆ ಕೌಂಟರಮ್ಮ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಹಿಂದಿನ ಸಾಲಿನಿಂದ ಬರುತ್ತಿತ್ತು. ಅಡುಗೆಮನೆಯಲ್ಲಿ ಮೇಡಂ ಮೇಲೆ ನೋಡುತ್ತಾ, “ಈ ಕೊಳವೆ...” ಎನ್ನುವಷ್ಟರಲ್ಲಿ ಕೌಂಟರಮ್ಮ ಚೀಟಿ ಮುಂದೆ ಹಿಡಿದರು. “ಷರತ್ತು ಹದಿನೇಳು. ಹೋದ ವಾರ ತೊಳೆಸಿದ್ದು. ಮುಂದಿನದು ಮೂರು ತಿಂಗಳಿಗೆ, ತಾರೀಕು ಗೋಡೆ ಮೇಲೆ ಬರೆಸಿದೀನಿ.”

ಮೇಡಂ ತಿರುಗಿ ನಿಂತರು. “ಹದಿನೇಳು ಓದಿದವರನ್ನ ನಾನು ಇದೇ ಮೊದಲು ನೋಡ್ತಿರೋದು. ಇವರು ಯಾರು?”

“ತಾಯಿ” ಎಂದ ಚಿಕ್ಕ ಯಜಮಾನ.

ಮೇಡಂ ಬೆನ್ನು ತಟಕ್ಕನೆ ನೆಟ್ಟಗಾಯಿತು, ಟ್ಯಾಬು ಕಂಕುಳಿಗೆ ಹೋಯಿತು. “ತಾಯಿ ಕಡೆಯಿಂದಾನಾ? ಹೆಡ್ ಆಫೀಸಿನವರು ಬರ್ತಾರೆ ಅಂತ ನನಗೆ ಯಾರೂ ತಿಳಿಸಿಲ್ಲ. ನಮಸ್ಕಾರ.”

“ಅಲ್ಲ ಮೇಡಂ, ನನ್ನ ತಾಯಿ.”

ಬಾಗಿಲಲ್ಲಿ ನಿಂತಿದ್ದ ಭಾಮೈದ ಕೆಮ್ಮಲು ಶುರು ಮಾಡಿದ. ಅಡುಗೆಯವನು ಒಲೆಯ ಕಡೆ ತಿರುಗಿಕೊಂಡ, ಅವನ ಬೆನ್ನು ಕುಲುಕುತ್ತಿತ್ತು. ಮೇಡಂ ಮುಖ ಸ್ವಲ್ಪ ಕೆಂಪಾಯಿತು, ಆದರೆ ಉಳಿತಾಯದ ನಗುವಿನಲ್ಲಿ ಒಂದು ಚೂರು ಖರ್ಚಾಯಿತು.

ಕೌಂಟರಿನ ಹತ್ತಿರ ಬಂದು ಅವರು ಪಾಲಿಸಿ ಕೇಳಿದರು. ಕಾಲಮಿನಲ್ಲಿ ಬೆರಳು ನಿಂತಿತು. “ಇಲ್ಲಿ ನಮ್ಮ ಕಂಪನಿಯ ಹೆಸರಿಲ್ಲವಲ್ಲ?”

ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಚಿಕ್ಕ ಯಜಮಾನ ಒಳಜೇಬಿನಿಂದ ಮಡಿಸಿದ ಕಾಗದ ತೆಗೆದ. ಅಮ್ಮನ ಕಡೆ ತಿರುಗಿದ. “ಅಮ್ಮ, ಇದಕ್ಕೆ ನಿನ್ನ ಸೈನ್ ಬೇಕು. ತಾಯಿ ಅಂದ್ರೆ ಕಂಪನಿ ಅಂತೆ. ನಾನು ತಪ್ಪು ತಿಳ್ಕೊಂಡು ನಿನ್ನ ಹೆಸರು ಬರೆದೆ. ನಾಲ್ಕು ದಿನದಿಂದ ಹೇಳೋಕಾಗ್ತಿಲ್ಲ.”

“ಬಿಡಿಸಿ ನೋಡು” ಎಂದರು ಕೌಂಟರಮ್ಮ.

ಬಿಡಿಸಿದ. ಕೆಳಗೆ, ಗೆರೆಯ ಮೇಲೆ, ಅಮ್ಮನ ಸೈನು. ಪಕ್ಕದಲ್ಲಿ ತಾರೀಕು, ಶನಿವಾರದ್ದು.

“ಇಸ್ತ್ರಿ ಹಾಕೋ ಮುಂಚೆ ಜೇಬು ನೋಡೋದು ನನ್ನ ಅಭ್ಯಾಸ” ಎಂದರು. “ಓದಿದೆ, ಸೈನ್ ಹಾಕಿದೆ, ಮಡಿಸಿ ಅಲ್ಲೇ ಇಟ್ಟೆ. ನೀನೇ ಬಿಡಿಸಿ ನೋಡ್ಲಿಲ್ಲ.”

ಭಾಮೈದ ಉಸಿರು ಬಿಟ್ಟು ಮೊಹರು ಎತ್ತಿಕೊಂಡು ಓಡಿ ಬಂದ. ಮೇಡಂ ಕಾಗದ ನೋಡಿ ತಲೆಯಾಡಿಸಿದರು. ಬೋರ್ಡು ಉಳಿಯಿತು. ಕೌಂಟರಮ್ಮ ಶಾಲು ಸರಿಮಾಡಿಕೊಂಡರು. ಆ ಶಾಲು ಸರಿಮಾಡಿಕೊಳ್ಳುವ ರೀತಿ ಚಿಕ್ಕ ಯಜಮಾನನಿಗೆ ಗೊತ್ತಿತ್ತು. ಐವತ್ತೊಂಬತ್ತು ದಿನದ ಹಿಂದೆ ಇದೇ ಜಾಗದಲ್ಲಿ ನೋಡಿದ್ದ.

“ಕೊನೇ ಪ್ರಶ್ನೆ” ಎಂದರು ಮೇಡಂ, ಟ್ಯಾಬ್ ನೋಡುತ್ತಾ. “ಸುರಕ್ಷತೆಯ ಜವಾಬ್ದಾರಿ ಯಾರದು? ಈ ಜಾಗ ಖಾಲಿ ಇದೆ. ಪ್ರತಿ ಹೋಟೆಲಲ್ಲೂ ಒಬ್ಬರ ಹೆಸರು ಇರಲೇಬೇಕು.”

ಈ ಸಲ ಚಿಕ್ಕ ಯಜಮಾನ ಗುಂಡಿಗೆ ಕೈ ಹಾಕಲಿಲ್ಲ. “ನಮ್ಮಮ್ಮನ ಹೆಸರು ಬರೀರಿ” ಎಂದ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿ ಬಂತು, ಮೆಟ್ಟಿಲು ಇಳಿಯುತ್ತಿದ್ದ ಅತಿಥಿಯೊಬ್ಬರು ನಿಂತು ನೋಡಿದರು.

“ಆದರೆ ಕೌಂಟರಿಗೆ ಇಬ್ಬರೇ ಅಂತ...”

“ಇವರು ಕೌಂಟರಿನವರಲ್ಲ ಮೇಡಂ, ಜವಾಬ್ದಾರಿಯವರು. ಅವರ ಕುರ್ಚಿ ಮಾತ್ರ ಕೌಂಟರಲ್ಲಿರುತ್ತೆ. ಅದಕ್ಕೆ ಯಾವ ಷರತ್ತೂ ಅಡ್ಡ ಬರಲ್ಲ.”

“ಬರಲ್ಲ” ಎಂದರು ಕೌಂಟರಮ್ಮ. “ಓದಿದೀನಿ.”

ಮೇಡಂ ಈಗ ಸಂಪೂರ್ಣವಾಗಿ ನಕ್ಕರು, ಆಮೇಲೆ ಹೆಸರಿನ ಕಾಗುಣಿತ ಕೇಳಿ ಬರೆದುಕೊಂಡರು. ಭಾಮೈದ ತಿದ್ದುಪಡಿ ಅರ್ಜಿ ಎಳೆದುಕೊಂಡ. “ಜವಾಬ್ದಾರಿ ಇದ್ದ ಮೇಲೆ ಅತ್ತೆ ಹೆಸರು ತೆಗೆಯೋದು ಯಾಕೆ?” ಎಂದು ‘ತೆಗೆಯುವುದು’ ಎಂಬ ಸಾಲಿನ ಮೇಲೆ ಗೆರೆ ಎಳೆದು, ಮೂವರ ಸೈನ್ ಹಾಕಿಸಿ, ಮೊಹರು ಒತ್ತಿದ. ಕಂಪನಿ ಒಂದು, ಕೌಂಟರಮ್ಮ ಎರಡು. ಹೋಟೆಲಿಗೆ ಈಗ ಇಬ್ಬರು ತಾಯಂದಿರು. ಮೊಹರಿನ ಶಾಯಿ ಒಣಗುವ ಮುಂಚೆ ಅವನ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿತ್ತು.

ಮೇಡಂ ಹೋದ ಮೇಲೆ ಚಿಕ್ಕ ಯಜಮಾನ ಹಿಂದಿನ ಕೋಣೆಯಿಂದ ಅಮ್ಮನ ಹಳೆಯ ಕುರ್ಚಿಯನ್ನು ತಾನೇ ಹೊತ್ತು ತಂದು ಕೌಂಟರಿನ ಹಿಂದೆ ಇಟ್ಟ. ಕೌಂಟರಮ್ಮ ಕೂತರು. ಡ್ರಾಯರಿನಲ್ಲಿ ಕನ್ನಡಕದ ಡಬ್ಬಿ, ಭೂತಗನ್ನಡಿ ಇಟ್ಟರು.

“ಹಾಗಾದ್ರೆ ನಿನಗೆ ಶನಿವಾರವೇ ಗೊತ್ತಾಯ್ತು” ಎಂದ ಅವನು.

“ಶನಿವಾರ ಅಲ್ಲ. ಅವತ್ತು ಫೋನಲ್ಲೇ ಗೊತ್ತಿತ್ತು. ತಾಯಿ ಹೆಸರು ಹಾಕಿಸಿ ಅತ್ತೆ ಅಂದ ನಿನ್ನ ಭಾಮೈದ. ಯಾವ ತಾಯಿ ಅಂತ ಕೇಳಿದೆ. ಕಂಪನಿ ಅಂದ.”

“ಮತ್ತೆ ನನಗೆ ಯಾಕಮ್ಮ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ನಿಂತಿದ್ದೆ. ನೀನೂ ಕೇಳ್ತೀಯ ಅಂದ್ಕೊಂಡೆ, ಯಾವ ತಾಯಿ ಅಂತ.” ಅವರು ಮೇಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. “ನೀನು ಕೇಳ್ಲೇ ಇಲ್ಲ. ಬರೆದುಬಿಟ್ಟೆ.”

ಚಿಕ್ಕ ಯಜಮಾನನಿಗೆ ಕಣ್ಣು ತುಂಬಿ ಬಂತು. ಅಮ್ಮನ ಶಾಲಿನ ತುದಿಯನ್ನು ಸುಮ್ಮನೆ ಸರಿಮಾಡಿದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪಕ್ಕದಲ್ಲಿ ಹತ್ತೊಂಬತ್ತು ಪದಗಳ ಚೀಟಿ ಇನ್ನೂ ಅಂಟಿಕೊಂಡಿತ್ತು. ಕೌಂಟರಮ್ಮ ಅದರ ಕಡೆ ನೋಡದೆ ಫೋನ್ ಎತ್ತಿದರು.

“ಹೇಳಿ. ರೂಮಿದೆ.”

ಅವತ್ತು ಮೂವತ್ತಾರು ರೂಮೂ ತುಂಬಿದ್ದವು.